ಸಂಬಳದ ಕಾಗದ ಕನ್ನಡದಲ್ಲಿ ಬರಲಿ: ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಕಾರ್ಮಿಕ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಕೆಲಸಕ್ಕೆಂದು ಹೊರದೇಶಕ್ಕೆ ಹೋಗುವವರಿಗೆ ಸಂಬಳ ಮತ್ತು ಕರಾರಿನ ವಿವರ ಕನ್ನಡದಲ್ಲಿ ಸಿಗುವಂತೆ ಮಾಡುವ ಬಗ್ಗೆ

ಮಾನ್ಯರೇ,

ಶಾರ್ಜಾದ ಒಂದು ಕಾಂಟ್ರಾಕ್ಟಿಂಗ್ ಕಂಪನಿಯಲ್ಲಿ ನಾನು ಹತ್ತೊಂಬತ್ತು ವರ್ಷ ದುಡಿದೆ. ಮೊದಲ ಏಳು ವರ್ಷ ಸೈಟಿನಲ್ಲಿ ಟೈಮ್‌ಕೀಪರ್, ಆಮೇಲೆ ಆಫೀಸಿನಲ್ಲಿ ಸಂಬಳದ ಶೀಟ್ ಮಾಡುವವನು. 2019ರಲ್ಲಿ ಊರಿಗೆ ಬಂದೆ. ಈಗ ಬೈಂದೂರಿನ ಹತ್ತಿರ ಒಂದಿಷ್ಟು ತೆಂಗು, ಒಂದು ದನ ಇವೆ. ಇವುಗಳ ಜೊತೆಗೆ ನಾನು ಕೇಳದೆಯೇ ಬಂದು ಹೆಗಲೇರಿದ ಇನ್ನೊಂದು ಕೆಲಸವೂ ಇದೆ. ಅದು ಊರ ಹುಡುಗರ ಆಫರ್ ಲೆಟರ್ ಓದಿ ಹೇಳುವುದು.

ವಾರಕ್ಕೆ ಒಬ್ಬರಾದರೂ ಜಗಲಿಗೆ ಬರುತ್ತಾರೆ. ಹುಡುಗ ಒಬ್ಬನೇ ಬರುವುದು ಕಡಿಮೆ; ಜೊತೆಗೆ ಅಮ್ಮನೋ ಮಾವನೋ ಇರುತ್ತಾರೆ. "ಮಾರ್ರೆ, ಇದೊಂದ್ ಕಾಣಿ" ಎಂದು ಮೊಬೈಲ್ ಮುಂದೆ ಹಿಡಿಯುತ್ತಾರೆ. ಅದರೊಳಗೆ ಮೂರು ಪುಟದ ಪಿಡಿಎಫ್, ಅರ್ಧ ಅರಬ್ಬಿ, ಅರ್ಧ ಇಂಗ್ಲಿಷ್. ಎಲ್ಲರ ಮೊದಲ ಪ್ರಶ್ನೆ ಒಂದೇ: ಕೈಗೆ ಎಷ್ಟು ಸಿಗುತ್ತದೆ? ಆರು ವರ್ಷದಲ್ಲಿ ಒಬ್ಬರೂ 'ಬೇಸಿಕ್ ಎಷ್ಟು', ಅಂದರೆ ಮೂಲ ಸಂಬಳ ಎಷ್ಟು, ಎಂದು ಮೊದಲು ಕೇಳಿಲ್ಲ. ನಾನು ಹೋಗುವಾಗಿನ ಮಾತು ಬಿಡಿ, ನಾನೂ ಕೇಳಿರಲಿಲ್ಲ.

ಕಳೆದ ತಿಂಗಳು ಬಂದ ಒಂದು ಕಾಗದದ ಕತೆಯನ್ನು ನಿಮಗೆ ಹೇಳಬೇಕು. ಐಟಿಐ ಮಾಡಿದ, ಎಸಿ ರಿಪೇರಿ ಕಲಿತ ಹುಡುಗ. ತಾಯಿ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಾರೆ. ದುಬೈಯಲ್ಲಿ ತಿಂಗಳಿಗೆ 1,500 ದಿರ್ಹಮ್ ಎಂದು ಏಜೆಂಟ್ ಹೇಳಿದ್ದಾನೆ, ಕಾಗದದಲ್ಲಿಯೂ ಮೇಲೆ ದಪ್ಪಕ್ಷರದಲ್ಲಿ 1,500 ಎಂದೇ ಇದೆ. ಸುಳ್ಳಿಲ್ಲ. ಆದರೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲು ಇವೆ: ಬೇಸಿಕ್ 700, ಫುಡ್ 300, ಟ್ರಾನ್ಸ್‌ಪೋರ್ಟ್ 200, ಅದರ್ ಅಲೋವೆನ್ಸ್ 300. ಅದಕ್ಕೂ ಕೆಳಗೆ, ಡ್ಯೂಟಿ ದಿನಕ್ಕೆ ಹತ್ತು ಗಂಟೆ, ಓವರ್‌ಟೈಮ್ 'ಕಂಪನಿ ಪಾಲಿಸಿ ಪ್ರಕಾರ'.

ನೋಡಿದ ತಕ್ಷಣ ನನಗೆ ಗೊತ್ತಾಯಿತು. ಯಾಕೆಂದರೆ ಇಂಥ ನಾಲ್ಕು ಸಾಲುಗಳನ್ನು ಹನ್ನೆರಡು ವರ್ಷ ನಾನೇ ಟೈಪ್ ಮಾಡಿದ್ದೇನೆ. ಬೇಸಿಕ್ ಕಡಿಮೆ ಇಡು, ಉಳಿದದ್ದನ್ನು ಅಲೋವೆನ್ಸಿಗೆ ಹಾಕು ಎಂದು ನಮ್ಮ ಮುದೀರ್, ಅಂದರೆ ಮ್ಯಾನೇಜರ್, ಹೇಳುತ್ತಿದ್ದ. ಯಾಕೆ ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ನನ್ನ ಸಂಬಳ ಮಾತ್ರ ತಿಂಗಳ ಐದನೇ ತಾರೀಕಿಗೆ ಸರಿಯಾಗಿ ಬರುತ್ತಿತ್ತು.

ಯಾಕೆಂದು ಈಗ ಹೇಳುತ್ತೇನೆ. ದುಬೈ, ಶಾರ್ಜಾ ಸೇರಿದ ಎಮಿರೇಟ್ಸ್ ದೇಶದ ಕಾರ್ಮಿಕ ಕಾನೂನಿನಲ್ಲಿ ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಯನ್ನು ಬೇಸಿಕ್ ಮೇಲೆ ಲೆಕ್ಕ ಹಾಕುತ್ತಾರೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನದ್ದು. ಓವರ್‌ಟೈಮ್ ಕೂಡ ಬೇಸಿಕ್ ಮೇಲೆಯೇ: ಗಂಟೆಯ ಬೇಸಿಕ್‌ಗೆ ಶೇ 25 ಸೇರಿಸಿ, ರಾತ್ರಿ ಹತ್ತರಿಂದ ಬೆಳಗಿನ ಜಾವ ನಾಲ್ಕರವರೆಗಿನದಾದರೆ ಶೇ 50 ಸೇರಿಸಿ. 2022ರ ಫೆಬ್ರವರಿಯಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಇದು ಹೀಗೆ ಇದೆ. ದಿನಕ್ಕೆ ಎಂಟು ಗಂಟೆ ದಾಟಿದ್ದೆಲ್ಲ ಓವರ್‌ಟೈಮ್.

ಜಗಲಿಯ ಮೇಲೆ ಆ ಹುಡುಗನ ಎದುರೇ ಲೆಕ್ಕ ಮಾಡಿದೆ. ಬೇಸಿಕ್ 700 ಎಂದರೆ, ಮೂವತ್ತು ದಿನ, ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ ಮೂರು ದಿರ್ಹಮ್‌ಗೂ ಕಡಿಮೆ. ಶೇ 25 ಸೇರಿಸಿದರೆ ಓವರ್‌ಟೈಮ್ ಗಂಟೆಗೆ 3.65. ದಿನಕ್ಕೆ ಎರಡು ಗಂಟೆ, ತಿಂಗಳಿಗೆ 26 ದಿನ, ಒಟ್ಟು 190 ದಿರ್ಹಮ್. ಅದೇ 1,500ರಲ್ಲಿ ಬೇಸಿಕ್ 1,200 ಇದ್ದಿದ್ದರೆ ಓವರ್‌ಟೈಮ್ ಗಂಟೆಗೆ 6.25, ತಿಂಗಳಿಗೆ 325. ವ್ಯತ್ಯಾಸ 135 ದಿರ್ಹಮ್. ಐದು ವರ್ಷ ಇದ್ದರೆ ಓವರ್‌ಟೈಮಿನಲ್ಲಿ 8,100, ಗ್ರಾಚ್ಯುಟಿಯಲ್ಲಿ 1,750. ದಿರ್ಹಮ್‌ಗೆ 23 ರೂಪಾಯಿ ಹಿಡಿದರೂ ಎರಡು ಲಕ್ಷ ದಾಟಿತು. ಮೇಲೆ ಬರೆದ 1,500 ಎರಡು ಕಡೆಯೂ ಒಂದೇ.

ಅದೂ ಆ 190 ಕೊಟ್ಟರೆ. 'ಕಂಪನಿ ಪಾಲಿಸಿ' ಎಂದು ಬರೆದ ಕಡೆ ಆಗುವುದೇ ಬೇರೆ. 'ಅದರ್ ಅಲೋವೆನ್ಸ್ 300' ಎಂದು ಇದೆಯಲ್ಲ, ಅದೇ ನಿನ್ನ ಎರಡು ಗಂಟೆಯ ಓವರ್‌ಟೈಮ್ ಎಂದು ಅಲ್ಲಿಗೆ ಹೋದ ಮೇಲೆ ಹೇಳುತ್ತಾರೆ. ಹುಡುಗನಿಗೆ ಕಂಡದ್ದು 1,500 ಸಂಬಳ, ಮೇಲೆ ಓವರ್‌ಟೈಮ್. ಕೈಗೆ ಸಿಗುವುದು ಓವರ್‌ಟೈಮ್ ಸೇರಿಯೇ 1,500.

ಅವನ ತಾಯಿ ಎಲ್ಲ ಕೇಳಿಸಿಕೊಂಡು, "ಅಷ್ಟಾದ್ರೂ ಸಿಗ್ತದಲ್ಲ" ಎಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಹೋಗಬೇಡ ಎನ್ನಲು ನಾನು ಯಾರು? ನನ್ನ ಮನೆಯ ಹೆಂಚು ತೆಗೆದು ತಾರಸಿ ಹಾಕಿಸಿದ್ದು ಅದೇ ದಿರ್ಹಮ್. ಗಲ್ಫಿಗೆ ಹೋಗುವುದು ತಪ್ಪು ಎಂದು ಬರೆಯಲು ಈ ಪತ್ರವಲ್ಲ. ಎಷ್ಟಕ್ಕೆ ಹೋಗುತ್ತಿದ್ದೇನೆ ಎಂದು ಗೊತ್ತಿದ್ದು ಹೋಗುವುದು ಒಂದು. ಅಲ್ಲಿ ಹೋಗಿ ಮೂರನೇ ತಿಂಗಳು ಸ್ಲಿಪ್ ನೋಡಿ ಗೊತ್ತಾಗುವುದು ಇನ್ನೊಂದು.

ಅದೇ ಕಾಗದದ ಮೂರನೇ ಪುಟದಲ್ಲಿ ಹನ್ನೊಂದನೆಯದಾಗಿ ಒಂದು ಷರತ್ತು ಇತ್ತು. ಎರಡು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟರೆ ವೀಸಾ, ಟಿಕೆಟ್, ನೇಮಕಾತಿಯ ಖರ್ಚನ್ನೆಲ್ಲ ಕೆಲಸಗಾರ ಕಟ್ಟಿಕೊಡಬೇಕು ಎಂದು. ಅಲ್ಲಿನ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚನ್ನು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಕೆಲಸಗಾರನ ಮೇಲೆ ಹಾಕುವಂತಿಲ್ಲ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವಂತಿಲ್ಲ. ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ, ಅದರೊಳಗೆ ಬಿಟ್ಟು ಊರಿಗೆ ಹೊರಡುವವನು ಹದಿನಾಲ್ಕು ದಿನ ಮೊದಲು ಬರೆದುಕೊಟ್ಟರೆ ಸಾಕು. ಇವೆಲ್ಲ ಅಲ್ಲಿನ ಪುಸ್ತಕದಲ್ಲಿ ಇವೆ. ಆದರೆ ಇಂಥ ಷರತ್ತು ಬರೆಯುವವರು ಅದು ಕೋರ್ಟಿನಲ್ಲಿ ನಿಲ್ಲಲಿ ಎಂದು ಬರೆಯುವುದಿಲ್ಲ. ಓದಿದ ಹುಡುಗ ಹೆದರಲಿ ಎಂದು ಬರೆಯುತ್ತಾರೆ. ಅರ್ಧಂಬರ್ಧ ಓದಿದವನು ಇನ್ನೂ ಹೆಚ್ಚು ಹೆದರುತ್ತಾನೆ.

ಸಚಿವರೇ, ಇದು ಕೇಂದ್ರದ ವಿಷಯ, ವಲಸೆ ನಮ್ಮ ಇಲಾಖೆಗೆ ಬರುವುದಿಲ್ಲ ಎಂದು ನಿಮ್ಮ ಕಚೇರಿಯವರು ಫೈಲಿನ ಮೇಲೆ ಬರೆಯಬಹುದು. ಸರಿಯೇ. 1983ರ ವಲಸೆ ಕಾಯ್ದೆ ಕೇಂದ್ರದ್ದು, ವಲಸೆ ಹೋಗುವವರ ರಕ್ಷಣೆಗೆಂದು ಬೆಂಗಳೂರಿನಲ್ಲಿರುವ ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್ ಕಚೇರಿಯೂ ಕೇಂದ್ರದ್ದು. ಆದರೆ ಆ ವ್ಯವಸ್ಥೆಯಲ್ಲಿ ಒಂದು ದೊಡ್ಡ ಕಿಂಡಿ ಇದೆ, ನಮ್ಮ ಕರಾವಳಿಯ ಹುಡುಗರೆಲ್ಲ ಹೆಚ್ಚುಕಡಿಮೆ ಆ ಕಿಂಡಿಯಿಂದಲೇ ಹೊರಗೆ ಹೋಗುವುದು. ಪಾಸ್‌ಪೋರ್ಟಿನಲ್ಲಿ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್, ಅಂದರೆ ವಲಸೆ ತಪಾಸಣೆ ಬೇಕು) ಎಂದು ಇರುವವರು ಗಲ್ಫ್ ಸೇರಿದ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಕೇಂದ್ರದ ಇ-ಮೈಗ್ರೇಟ್ ಎಂಬ ಆನ್‌ಲೈನ್ ಪೋರ್ಟಲ್‌ನಲ್ಲಿ ಕರಾರು ದಾಖಲಾಗಬೇಕು, ಎಮಿಗ್ರೇಷನ್ ಕ್ಲಿಯರೆನ್ಸ್ ಆಗಬೇಕು, ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಹತ್ತು ಲಕ್ಷದ ವಿಮೆ ಮಾಡಿಸಬೇಕು. ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಷ್ಟೇ. ಆದರೆ ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟಿಗೆ ಇಸಿಆರ್ ಬೀಳುವುದಿಲ್ಲ. ಓದಿದವನಲ್ಲವೆ, ತನ್ನ ಒಳಿತು ತಾನೇ ನೋಡಿಕೊಳ್ಳುತ್ತಾನೆ ಎಂದು ಸರ್ಕಾರದ ಲೆಕ್ಕ. ನಮ್ಮ ಉಡುಪಿ, ದಕ್ಷಿಣ ಕನ್ನಡದಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗದವರು ಎಷ್ಟು ಜನ? ಪರೀಕ್ಷೆಯ ಫಲಿತಾಂಶ ಬಂದಾಗಲೆಲ್ಲ ನಮ್ಮ ಜಿಲ್ಲೆಗಳ ಹೆಸರು ಮೇಲೆ ಇರುತ್ತದೆ, ಹೆಮ್ಮೆಪಡುತ್ತೇವೆ. ಆ ಹೆಮ್ಮೆಯೇ ಇಲ್ಲಿ ಮುಳುವಾಗಿದೆ. ನಮ್ಮ ಎಸಿ ಹುಡುಗನ ಕಾಗದವನ್ನು ನಾನಲ್ಲದೆ ಇನ್ನೊಬ್ಬರು ನೋಡುವುದು ಈ ದೇಶದ ಯಾವ ಕಾನೂನಿಗೂ ಬೇಕಾಗಿಲ್ಲ.

ಏಜೆಂಟ್ ಅವನ ಹತ್ತಿರ 85,000 ಕೇಳಿದ್ದಾನೆ. ಲೈಸೆನ್ಸ್ ಇರುವ ರಿಕ್ರೂಟಿಂಗ್ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ ಶೇ 18. ಒಟ್ಟು 35,400, ಅದಕ್ಕೂ ರಸೀದಿ ಕೊಡಬೇಕು. ಇದನ್ನು ಹೇಳಿದಾಗ ತಾಯಿಯ ಮುಖ ಬಾಡಿತು, ಯಾಕೆಂದರೆ ಅಷ್ಟರಲ್ಲಿ ಸೊಸೈಟಿಯಲ್ಲಿ ಸರ ಅಡವಿಟ್ಟು ಆಗಿತ್ತು. ಏಜೆಂಟ್ ಯಾರು ಎಂದು ಕೇಳಿದರೆ ಸಿಕ್ಕಿದ್ದು ಒಂದು ವಾಟ್ಸಾಪ್ ನಂಬರ್. ಲೈಸೆನ್ಸ್ ನಂಬರ್ ಕೇಳು ಎಂದೆ. ಹುಡುಗ ಮೆಸೇಜ್ ಹಾಕಿದ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ.

ಈಗ ಕನ್ನಡದ ಮಾತಿಗೆ ಬರುತ್ತೇನೆ, ಈ ಪತ್ರ ಬರೆಯಲು ಕೂತದ್ದೇ ಅದಕ್ಕೆ.

ಎಮಿರೇಟ್ಸ್‌ನಲ್ಲಿ 2016ರಿಂದ ಒಂದು ಒಳ್ಳೆಯ ನಿಯಮ ಇದೆ. ಕೆಲಸಗಾರನಿಗೆ ಕೊಡುವ ಆಫರ್ ಲೆಟರ್ ಅರಬ್ಬಿ, ಇಂಗ್ಲಿಷ್ ಜೊತೆಗೆ ಅವನಿಗೆ ತಿಳಿಯುವ ಮೂರನೇ ಭಾಷೆಯಲ್ಲಿಯೂ ಇರಬೇಕು. ಅದಕ್ಕೆ ಅವನು ಸಹಿ ಹಾಕಿದ ಮೇಲೆ ಅಲ್ಲಿ ದಾಖಲಾಗುವ ಕರಾರು ಅದಕ್ಕಿಂತ ಕೀಳಾಗುವಂತಿಲ್ಲ. ಮುಂಬಯಿಯಲ್ಲಿ ಒಂದು ಕಾಗದ ತೋರಿಸಿ ದುಬೈಯಲ್ಲಿ ಇನ್ನೊಂದಕ್ಕೆ ಸಹಿ ಹಾಕಿಸುವ ಹಳೆಯ ಆಟಕ್ಕೆ ತಡೆ ಹಾಕಲು ತಂದದ್ದು. ನಮ್ಮ ಆಫೀಸಿನಲ್ಲಿ ಈ ಲೆಟರ್‌ಗಳನ್ನು ನಾನೇ ಕೈಯಾರೆ ಹಂಚಿದ್ದೇನೆ. ಮಲಯಾಳಂ, ತಮಿಳು, ಹಿಂದಿ, ಉರ್ದು, ಬಂಗಾಳಿ, ನೇಪಾಳಿ ನೋಡಿದ್ದೇನೆ. ಕನ್ನಡದ್ದು ಒಂದೇ ಒಂದು ನನ್ನ ಕಣ್ಣಿಗೆ ಬಿದ್ದಿಲ್ಲ. ಕೊಲ್ಲಂನ ಬಡಗಿ ತನ್ನ ಕಾಗದವನ್ನು ಮಲಯಾಳಂನಲ್ಲಿ ಮೂರು ಸಲ ಓದಿ, ಲೀವ್ ಸ್ಯಾಲರಿಯ ಬಗ್ಗೆ ನನ್ನ ಜೊತೆ ಜಗಳ ಮಾಡಿ ಹೋಗುತ್ತಿದ್ದ. ಹೊನ್ನಾವರದ ಬಡಗಿ ಹಿಂದಿಯದ್ದನ್ನು ತಿರುಗಿಸಿ ನೋಡಿ, "ಎಲ್ಲಿ ಸೈನ್ ಅಣ್ಣ?" ಎಂದು ಕೇಳುತ್ತಿದ್ದ. ಬೆರಳಿಟ್ಟು ತೋರಿಸುತ್ತಿದ್ದೆ. ಆ ಬೆರಳು ಈಗಲೂ ನನಗೆ ಚುಚ್ಚುತ್ತದೆ.

ಭಾಷೆ ತಿಳಿಯದ ಕಾಗದಕ್ಕೆ ಸಹಿ ಹಾಕಿದರೆ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಸೆಕ್ಯೂರಿಟಿ ಕೆಲಸ ಎಂದು ನಂಬಿ ರಷ್ಯಾಕ್ಕೆ ಹೋದ ನಮ್ಮ ಕಲಬುರಗಿ ಜಿಲ್ಲೆಯ ಯುವಕರು ಉಕ್ರೇನಿನ ಯುದ್ಧದ ಮಧ್ಯೆ ಹೋಗಿ ಸಿಕ್ಕಿಬಿದ್ದರು. 2024ರ ಸೆಪ್ಟೆಂಬರಿನಲ್ಲಿ ಜೀವಸಹಿತ ಮರಳಿ ಬಂದದ್ದು ಪುಣ್ಯ. ಅದೇ ವರ್ಷ ಜೂನ್ 12ರಂದು ಕುವೈತ್‌ನ ಮಂಗಾಫ್‌ನಲ್ಲಿ ಕೆಲಸಗಾರರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ಭಾರತೀಯರು ಸತ್ತರು. ಅವರಲ್ಲಿಯೂ ಕಲಬುರಗಿ ಜಿಲ್ಲೆಯವರು ಒಬ್ಬರಿದ್ದರು. 'ಅಕಾಮಡೇಷನ್ ಕಂಪನಿಯದ್ದು' ಎಂದು ಎಲ್ಲ ಕಾಗದದಲ್ಲಿಯೂ ಇರುತ್ತದೆ. ಕೋಣೆಗೆ ಎಷ್ಟು ಜನ, ಅಡುಗೆಮನೆ ಎಲ್ಲಿ, ಹೊರಗೆ ಬರಲು ಎಷ್ಟು ದಾರಿ ಎಂದು ಯಾವುದರಲ್ಲಿಯೂ ಇರುವುದಿಲ್ಲ.

ಅಂಗಡಿಗಳ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಎಂದು 2024ರಲ್ಲಿ ಕಾನೂನು ತಿದ್ದುಪಡಿ ಮಾಡಿದಿರಿ. ಸಂತೋಷ. ನಮ್ಮ ಪೇಟೆಯ ಟ್ರಾವೆಲ್ ಏಜೆನ್ಸಿಗಳ ಬೋರ್ಡೂ ಈಗ ದೊಡ್ಡ ಕನ್ನಡದಲ್ಲಿದೆ, 'ವಿದೇಶಿ ಉದ್ಯೋಗ' ಎಂದು. ಒಳಗೆ ಹೋದರೆ ಮೇಜಿನ ಮೇಲೆ ಇಡುವ ಕಾಗದದಲ್ಲಿ ಕನ್ನಡದ ಒಂದು ಅಕ್ಷರ ಇಲ್ಲ. ಬೋರ್ಡು ಓದಿ ಯಾರೂ ಮೋಸ ಹೋಗುವುದಿಲ್ಲ ಸ್ವಾಮಿ.

ನಾನು ಕೇಳುವುದು ದೊಡ್ಡದಲ್ಲ. ಈ ರಾಜ್ಯದಲ್ಲಿ ಕೂತು ಹೊರದೇಶದ ಕೆಲಸ ಕೊಡಿಸುವ ಯಾರೇ ಆಗಲಿ, ಹಣ ಅಥವಾ ಪಾಸ್‌ಪೋರ್ಟ್ ಮುಟ್ಟುವ ಮೊದಲು ಒಂದು ಪುಟದ ಕನ್ನಡ ಚೀಟಿ ಕೊಡಬೇಕು. ಬೇಸಿಕ್ ಎಷ್ಟು, ಯಾವ ಹಣದಲ್ಲಿ. ದಿನಕ್ಕೆ ಎಷ್ಟು ಗಂಟೆ, ಮೇಲಿನ ಗಂಟೆಗೆ ಎಷ್ಟು. ವಸತಿ, ಊಟ ಯಾರದ್ದು. ಊರಿಗೆ ಬರುವ ಟಿಕೆಟ್ ಎಷ್ಟು ವರ್ಷಕ್ಕೆ. ಬಿಟ್ಟು ಬರಬೇಕಾದರೆ ಏನು ಕಟ್ಟಬೇಕು. ವೀಸಾ ಕೆಲಸದ್ದೋ ವಿಸಿಟ್‌ನದ್ದೋ. ಏಜೆಂಟನ ಲೈಸೆನ್ಸ್ ನಂಬರ್, ತೆಗೆದುಕೊಂಡ ಹಣ. ಇಷ್ಟು, ಕೆಳಗೆ ಅವನ ಸಹಿ. ನಾಳೆ ಪೊಲೀಸ್ ಠಾಣೆಗೆ ಹೋದರೆ ತೋರಿಸಲು ಒಂದು ಕಾಗದ ಇರುತ್ತದೆ. ಈಗ ಹೋದವರು ತೋರಿಸುವುದು ವಾಟ್ಸಾಪ್ ವಾಯ್ಸ್ ಮೆಸೇಜು.

'ಯಾವ ಹಣದಲ್ಲಿ' ಎಂದದ್ದಕ್ಕೆ ನಗಬೇಡಿ. ಒಬ್ಬಳು ತಾಯಿ, ಮಗನಿಗೆ ಬರೀ 120 ಕೊಡುತ್ತಾರಂತೆ ಎಂದು ಅಳುತ್ತಾ ಬಂದಿದ್ದಳು. ನೋಡಿದರೆ ಕುವೈತ್ ದಿನಾರ್. ಆಗ ಒಂದಕ್ಕೆ ಸುಮಾರು 280 ರೂಪಾಯಿ. ಅತ್ತವಳು ನಕ್ಕು ಚಾ ಕುಡಿದು ಹೋದಳು. ಆ ಲೆಕ್ಕ ತಿರುಗಾಮುರುಗಾ ಆದ ಮನೆಗಳೂ ಇವೆ.

ಇನ್ನೊಂದು, ಇದನ್ನು ಓದಿ ಹೇಳುವ ಜಾಗ. ದೇಶಕ್ಕೊಂದು ಲೆಕ್ಕ ಇರುವುದರಿಂದ ಚೀಟಿಯೊಂದೇ ಸಾಲದು. ಸೌದಿಯಲ್ಲಿ ಎರಡು ವರ್ಷ ತುಂಬುವ ಮೊದಲು ತಾನಾಗಿ ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿಯಂಥ ಕೊನೆಯ ಹಣ ಏನೂ ಇಲ್ಲ, ಎರಡರಿಂದ ಐದು ವರ್ಷದೊಳಗೆ ಬಿಟ್ಟರೆ ಮೂರನೇ ಒಂದು ಪಾಲು. ಇಪ್ಪತ್ತಮೂರನೇ ತಿಂಗಳಲ್ಲಿ ಸಿಟ್ಟಿಗೆ ಕಾಗದ ಎಸೆದು ಬಂದವರನ್ನು ಕಂಡಿದ್ದೇನೆ, ಇನ್ನೊಂದು ತಿಂಗಳು ಹಲ್ಲು ಕಚ್ಚಿದ್ದರೆ ಸಿಗುತ್ತಿತ್ತು. ಕತಾರಿನಲ್ಲಿ 2021ರ ಮಾರ್ಚಿನಿಂದ ಕನಿಷ್ಠ ಸಂಬಳ 1,000 ರಿಯಾಲ್. ವಸತಿ ಕೊಡದಿದ್ದರೆ ಮೇಲೆ 500, ಊಟ ಕೊಡದಿದ್ದರೆ 300. ಎಮಿರೇಟ್ಸ್‌ನಲ್ಲಿ ತಕರಾರು ಬಂದರೆ ಅರಬ್ಬಿ ಪಠ್ಯವೇ ಅಂತಿಮ, ಇಂಗ್ಲಿಷಿನದ್ದಲ್ಲ. ಇದನ್ನೆಲ್ಲ ತಿಳಿದು ಹೇಳುವವರು ಬೇಕು.

ಕೇರಳದವರು 1996ರಲ್ಲಿಯೇ ನೋರ್ಕಾ ಎಂದು ಹೊರನಾಡಿನ ಮಲಯಾಳಿಗಳಿಗಾಗಿಯೇ ಒಂದು ಇಲಾಖೆ ಮಾಡಿದರು. ನಮ್ಮಲ್ಲಿಯೂ ಅನಿವಾಸಿ ಭಾರತೀಯ ಸಮಿತಿ ಇದೆ. ನನ್ನ ಜಗಲಿಗೆ ಬರುವವರಲ್ಲಿ ಅದರ ಹೆಸರು ಕೇಳಿದವರು ಸಿಕ್ಕಿಲ್ಲ. ಹೊಸ ಇಲಾಖೆ ಬೇಡ. ಜಾತಿ, ಆದಾಯದ ಪ್ರಮಾಣಪತ್ರಕ್ಕೆ ಹೋಗುವ ಗ್ರಾಮ ಒನ್ ಪ್ರತಿ ಪಂಚಾಯಿತಿಯ ಹತ್ತಿರ ಇದೆ. ಅಲ್ಲಿ ಆಫರ್ ಲೆಟರ್ ಸ್ಕ್ಯಾನ್ ಮಾಡಿ ಕಳಿಸಿದರೆ, ಬೆಂಗಳೂರಿನಲ್ಲಿ ಕೂತ ನಾಲ್ಕು ಜನ ಬಲ್ಲವರು ಎರಡು ದಿನದಲ್ಲಿ ಕನ್ನಡದಲ್ಲಿ ಉತ್ತರ ಬರೆಯಲಿ: ಈ ಏಜೆಂಟ್ ಇ-ಮೈಗ್ರೇಟ್ ಪಟ್ಟಿಯಲ್ಲಿ ಇದ್ದಾನೆ ಅಥವಾ ಇಲ್ಲ, ಈ ಷರತ್ತು ಆ ದೇಶದಲ್ಲಿ ನಡೆಯುತ್ತದೆ ಅಥವಾ ಇಲ್ಲ. ಗಲ್ಫಿನಿಂದ ಮರಳಿದ, ನನ್ನಂಥ ಹಳೆಯ ಗುಮಾಸ್ತರು ಕರಾವಳಿಯಲ್ಲಿ ಬೇಕಾದಷ್ಟು ಇದ್ದೇವೆ. ಸಂಬಳ ಕೊಡದಿದ್ದರೂ ಬಂದು ಕೂರುತ್ತೇವೆ, ಚಾ ಕೊಟ್ಟರೆ ಸಾಕು. ಮತ್ತು ಅಲ್ಲಿನ ಸರ್ಕಾರದ ಆಫರ್ ಲೆಟರ್‌ನಲ್ಲಿ ಕನ್ನಡವನ್ನೂ ಸೇರಿಸಿ ಎಂದು ಕೇಂದ್ರದ ವಿದೇಶಾಂಗ ಸಚಿವಾಲಯದ ಮೂಲಕ ಒಂದು ಪತ್ರ ಬರೆಯಿಸಿ. ಕೊಡುತ್ತಾರೋ ಬಿಡುತ್ತಾರೋ, ಕೇಳಿದ್ದೇವೆ ಎಂದಾದರೂ ಆಗಲಿ.

ಈ ಪತ್ರವನ್ನು ಬಹಿರಂಗವಾಗಿ ಬರೆದದ್ದು ಹುಡುಗರೂ ಓದಲಿ ಎಂದು. ಅವರಿಗೆ ಎರಡೇ ಮಾತು. ವಿಸಿಟ್ ವೀಸಾದಲ್ಲಿ ಬಾ, ಇಲ್ಲಿ ಚೇಂಜ್ ಮಾಡುತ್ತೇವೆ ಎಂದವನ ಫೋನು ಇಟ್ಟುಬಿಡಿ. ವಿಸಿಟ್‌ನಲ್ಲಿ ದುಡಿದವನ ಸಂಬಳಕ್ಕೆ ಸಾಕ್ಷಿಯೇ ಇರುವುದಿಲ್ಲ. ಸಹಿ ಹಾಕಿದ ಪ್ರತಿ ಪುಟದ ಫೋಟೊ ತೆಗೆದು ಮನೆಯವರಿಗೆ ಕಳಿಸಿ, ನಿಮ್ಮ ಮೊಬೈಲಿನಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ. ಕೆಲಸಕ್ಕೆ ಸೇರುವ ದಿನ ಕಳೆದುಹೋಗುವ ಮೊಬೈಲು ಒಂದೆರಡಲ್ಲ.

ಎಸಿ ಹುಡುಗ ಬರುವ ಸೋಮವಾರ ಕಾಗದಕ್ಕೆ ಸಹಿ ಹಾಕಬೇಕಂತೆ. ಬೇಸಿಕ್ 1,000 ಮಾಡಲು, ಹನ್ನೊಂದನೇ ಷರತ್ತು ತೆಗೆಯಲು ಕೇಳು ಎಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದುಕೊಟ್ಟಿದ್ದೇನೆ. ಕೇಳಿದರೆ ಕೆಲಸವೇ ಕೈತಪ್ಪಿದರೆ ಎಂದು ಅವನಿಗೆ ಭಯ. ಕಳಿಸಿದನೋ ಇಲ್ಲವೋ ನನಗೆ ಹೇಳಿಲ್ಲ. ನಿನ್ನೆ ದಾರಿಯಲ್ಲಿ ಸಿಕ್ಕವನು ಬೈಕ್ ನಿಲ್ಲಿಸದೆ ಕೈ ಎತ್ತಿ ಹೋದ. ಅವನ ಆಫರ್ ಲೆಟರ್‌ನ ಪ್ರತಿಯನ್ನು ಅವನ ತಾಯಿಯನ್ನು ಕೇಳಿಯೇ ಈ ಪತ್ರದ ಜೊತೆ ಇಟ್ಟಿದ್ದೇನೆ. ಹೆಸರು, ಪಾಸ್‌ಪೋರ್ಟ್ ನಂಬರಿನ ಮೇಲೆ ಮಸಿ ಬಳಿದಿದ್ದೇನೆ. ನಿಮ್ಮ ಕಚೇರಿಯಲ್ಲಿ ಯಾರಿಗಾದರೂ ಕೊಟ್ಟು, ತಿಂಗಳಿಗೆ ಅವನ ಓವರ್‌ಟೈಮ್ ಎಷ್ಟು ಬರುತ್ತದೆ ಎಂದು ಒಮ್ಮೆ ಕೇಳಿ ನೋಡಿ.

ಇಂತಿ,
ಬೈಂದೂರು ತಾಲ್ಲೂಕಿನ ಒಬ್ಬ ಹಳೆಯ ಟೈಮ್‌ಕೀಪರ್